ಚಳಿಗೆ ನಿಂತುಹೋಗುವ ಎಂಜಿನ್: ದೋಷ ಹುಡುಕುವ ಬಗೆ

ಜನವರಿ ತಿಂಗಳು, ಬೆಳಗಿನ ಆರೂವರೆ. ಹಲಸೂರು ಕೆರೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ನೀವು ಇಂದಿರಾನಗರದ ಮನೆಯಿಂದ ಕಾರನ್ನು ಹೊರತೆಗೆದು ಹಳೇ ಮದ್ರಾಸು ರಸ್ತೆಗೆ ತಿರುಗಿಸಿದ್ದೀರಿ. ಕೀಲಿ ತಿರುಗಿಸಿದಾಗ ಎಂಜಿನ್ ಸಲೀಸಾಗಿಯೇ ಶುರುವಾಗಿತ್ತು. ಆದರೆ ಮೊದಲ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಅದು ಎರಡು ಸಲ ನಡುಗಿ ನಿಂತುಬಿಡುತ್ತದೆ. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹಿಂದಿನ ಬಸ್ಸಿನ ಹಾರನ್ ನಿಲ್ಲುವುದಿಲ್ಲ. ಹತ್ತು ನಿಮಿಷ ಕಳೆದು ಕೆ.ಆರ್. ಪುರದ ತೂಗುಸೇತುವೆ ತಲಪುವ ಹೊತ್ತಿಗೆ ಅದೇ ಎಂಜಿನ್ ಏನೂ ಆಗಿಲ್ಲವೆಂಬಂತೆ ಓಡುತ್ತಿರುತ್ತದೆ. ಸಂಜೆ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಸ್ಟಾರ್ಟ್ ಮಾಡಿ, ನಾಲ್ಕು ಸಲ ರೇಸ್ ಕೊಟ್ಟು, "ಗಾಡಿ ಚೆನ್ನಾಗೇ ಇದೆಯಲ್ಲ ಸಾರ್" ಎನ್ನುತ್ತಾರೆ.

ಇದನ್ನು ಸಣ್ಣ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ. ಬ್ರೇಕ್ ಪೆಡಲನ್ನು ಹಗುರಗೊಳಿಸುವ ಬೂಸ್ಟರ್ ಕೆಲಸ ಮಾಡುವುದು, ಓಡುತ್ತಿರುವ ಪೆಟ್ರೋಲ್ ಎಂಜಿನ್ ಗಾಳಿಯನ್ನು ಒಳಗೆಳೆದುಕೊಳ್ಳುವ ಕೊಳವೆಯಲ್ಲಿ ಉಂಟಾಗುವ ಭಾಗಶಃ ನಿರ್ವಾತದ ಬಲದಿಂದ. ಎಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಸಲ ಪೆಡಲ್ ಒತ್ತಲು ಸಾಕಾದೀತು. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ. ಟಿನ್ ಫ್ಯಾಕ್ಟರಿಯ ಬಳಿ ಲಾರಿ, ಬಸ್ಸುಗಳ ನಡುವೆ ಹೀಗಾದರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಕಳೆದ ವರ್ಷ ಚಳಿಗಾಲದಲ್ಲಿ ನನಗೆ ಅದೇ ಆಯಿತು. ಆ ಕಾರಣದಿಂದಲೇ ಈ ಲೇಖನ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳೋಣ. ಬೆಳಗ್ಗೆ ಎಂಜಿನ್ ಸ್ಟಾರ್ಟೇ ಆಗದಿರುವುದು ಒಂದು ದೂರು. ಸ್ಟಾರ್ಟ್ ಆಗಿ ನಿಂತುಹೋಗುವುದು ಬೇರೆಯೇ ದೂರು. ಮೊದಲನೆಯದರಲ್ಲಿ ಬ್ಯಾಟರಿ, ಸ್ಟಾರ್ಟರ್ ಮೋಟರ್, ಪೆಟ್ರೋಲ್ ಪಂಪಿನ ಮೇಲೆ ಸಂಶಯ ಬರಬೇಕು. ಎರಡನೆಯದರಲ್ಲಿ ಇವೆಲ್ಲ ಬಹುಮಟ್ಟಿಗೆ ನಿರ್ದೋಷಿಗಳು, ಏಕೆಂದರೆ ಎಂಜಿನ್ ಒಮ್ಮೆ ಹೊತ್ತಿಕೊಂಡಿದೆ. ಹೊತ್ತಿಕೊಂಡ ಎಂಜಿನ್ ತಣ್ಣಗಿರುವಾಗ ಮಾತ್ರ ಯಾಕೆ ಉಸಿರು ಬಿಡುತ್ತದೆ ಎಂಬುದು ನಮ್ಮ ಪ್ರಶ್ನೆ.

ದ್ರವ ಉರಿಯುವುದಿಲ್ಲ, ಆವಿ ಉರಿಯುತ್ತದೆ

ಬೆಂಗಳೂರಿನ ಚಳಿಯನ್ನು ಚಳಿ ಎನ್ನಬಹುದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಸಾಮಾನ್ಯವಾಗಿ ಜನವರಿಯ ಬೆಳಗಿನ ಉಷ್ಣತೆ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಎಂಜಿನ್ನಿಗೆ ಇಷ್ಟೇ ಸಾಕು. 85-90 ಡಿಗ್ರಿಯಲ್ಲಿ ಓಡಲೆಂದು ವಿನ್ಯಾಸಗೊಂಡ ಯಂತ್ರಕ್ಕೆ 16 ಡಿಗ್ರಿ ಎಂದರೆ 70 ಡಿಗ್ರಿಗಳ ಕೊರತೆ.

ಪೆಟ್ರೋಲು ಒಂದೇ ಪದಾರ್ಥವಲ್ಲ. ಸುಮಾರು 35 ಡಿಗ್ರಿಯಿಂದ 200 ಡಿಗ್ರಿಯವರೆಗೆ ಬೇರೆ ಬೇರೆ ಉಷ್ಣತೆಯಲ್ಲಿ ಕುದಿಯುವ ನೂರಾರು ಹೈಡ್ರೊಕಾರ್ಬನ್ನುಗಳ ಮಿಶ್ರಣ. ಬಿಸಿ ಎಂಜಿನ್ನಿನಲ್ಲಿ ಸಿಂಪಡಿಸಿದ ಪೆಟ್ರೋಲೆಲ್ಲ ಬಿಸಿ ಕವಾಟದ ಬೆನ್ನಿಗೆ ತಗಲಿ ಆವಿಯಾಗುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಬೇಗ ಆವಿಯಾಗುವ ಹಗುರ ಭಾಗ ಮಾತ್ರ ಗಾಳಿಯೊಡನೆ ಬೆರೆಯುತ್ತದೆ. ಉಳಿದದ್ದು ಕೊಳವೆಯ ಗೋಡೆಗೆ ತೆಳುವಾದ ಪೊರೆಯಾಗಿ ಅಂಟಿ ಕೂರುತ್ತದೆ. ಲೆಕ್ಕದ ಪ್ರಕಾರ ಸಾಕಷ್ಟು ಪೆಟ್ರೋಲು ಹೋಗಿದೆ. ಸಿಲಿಂಡರಿನೊಳಗಿನ ಕಿಡಿಗೆ ಮಾತ್ರ ಸಾಕಷ್ಟು ಆವಿ ಸಿಕ್ಕಿಲ್ಲ.

ಆವಿಯಾಗಲು ಬೇಕಾದ ಗುಪ್ತೋಷ್ಣವೂ ಎಲ್ಲಿಂದಲೋ ಬರಬೇಕಷ್ಟೆ. ಒಂದು ಸರಳ ಲೆಕ್ಕ ಮಾಡಿ ನೋಡಿ. ಒಂದು ಕಿಲೋಗ್ರಾಂ ಪೆಟ್ರೋಲು ಆವಿಯಾಗಲು ಸುಮಾರು 350 ಕಿಲೋಜೂಲ್ ಬೇಕು. ಅದು ಪೂರ್ಣವಾಗಿ ಉರಿಯಲು 14.7 ಕಿಲೋಗ್ರಾಂ ಗಾಳಿ ಬೇಕು. ಒಂದು ಕಿಲೋಗ್ರಾಂ ಗಾಳಿಯನ್ನು ಒಂದು ಡಿಗ್ರಿ ತಣಿಸಿದರೆ ಒಂದು ಕಿಲೋಜೂಲ್ ಸಿಗುತ್ತದೆ. ಶಾಖವೆಲ್ಲ ಆ ಗಾಳಿಯಿಂದ ಮತ್ತು ಪೆಟ್ರೋಲಿನಿಂದಲೇ ಬರಬೇಕಾದರೆ ಮಿಶ್ರಣ ಸುಮಾರು 20 ಡಿಗ್ರಿಯಷ್ಟು ತಣ್ಣಗಾಗಬೇಕು! 16 ಡಿಗ್ರಿಯ ಬೆಳಗ್ಗೆ ಇದರ ಅರ್ಥ ಮಂಜುಗಡ್ಡೆಯ ಬಿಂದುವಿಗಿಂತ ಕೆಳಗೆ. ಕಾರ್ಬ್ಯುರೇಟರ್ ಇರುವ ಎಂಜಿನ್ನುಗಳಲ್ಲಿ ತೇವದ ಬೆಳಗ್ಗೆ ಗಾಳಿಯ ನೀರಾವಿ ಅದರ ಕಂಠದಲ್ಲಿ ನಿಜವಾಗಿಯೂ ಮಂಜಾಗಿ ಕಟ್ಟಿಕೊಳ್ಳುವುದುಂಟು. ಚಿಕ್ಕ ವಿಮಾನ ಹಾರಿಸಲು ಕಲಿಯುವವರಿಗೆ ಮೊದಮೊದಲ ಪಾಠಗಳಲ್ಲೇ ಈ ಅಪಾಯವನ್ನು ಹೇಳಿಕೊಡುತ್ತಾರೆ; ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಒಂದು ಹಿಡಿಕೆ ಅವರ ಮುಂದೆಯೇ ಇರುತ್ತದೆ. ಈಗಿನ ಕಾರುಗಳಲ್ಲಿ ಪೆಟ್ರೋಲು ಕವಾಟದ ಬಳಿಯೇ ಸಿಂಪಡಣೆಯಾಗುವುದರಿಂದ ಆ ಭಯವಿಲ್ಲ, ಆದರೆ ಗುಪ್ತೋಷ್ಣದ ಬೇಡಿಕೆ ಹಾಗೆಯೇ ಇದೆ.

ಇದರ ಜೊತೆಗೆ ಎಂಜಿನ್ ಆಯಿಲ್ ಇದೆ. ತಣ್ಣನೆಯ ಎಣ್ಣೆಯ ಸ್ನಿಗ್ಧತೆ ಬಿಸಿ ಎಣ್ಣೆಯದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಪಿಸ್ಟನ್, ಬೇರಿಂಗುಗಳು ಆ ಅಂಟಿನೊಳಗೇ ತಿರುಗಬೇಕು. ಅಂದರೆ ಎಂಜಿನ್ನಿಗೆ ಅತ್ಯಂತ ಹೆಚ್ಚು ಶಕ್ತಿ ಬೇಕಾದ ಹೊತ್ತಿನಲ್ಲೇ ಅದರ ಉರಿ ಅತ್ಯಂತ ದುರ್ಬಲ.

ಚೋಕ್ ಹೋಗಿ ಕಂಪ್ಯೂಟರ್ ಬಂತು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಇದರ ಪರಿಹಾರ ಗೊತ್ತು: ಚೋಕ್ ಎಳೆಯುವುದು. ಗಾಳಿಯ ದಾರಿಯನ್ನು ಕಿರಿದುಗೊಳಿಸಿದರೆ ಪೆಟ್ರೋಲಿನ ಪ್ರಮಾಣ ಏರುತ್ತದೆ. ಹೆಚ್ಚು ಪೆಟ್ರೋಲು ಹೋದರೆ ಅದರಲ್ಲಿ ಆವಿಯಾಗುವ ಭಾಗವೂ ಹೆಚ್ಚು. ಎಂಜಿನ್ ಬಿಸಿಯಾದಂತೆ ಚಾಲಕನೇ ಕಿವಿಗೊಟ್ಟು ಕೇಳುತ್ತ ಚೋಕನ್ನು ಮೆಲ್ಲಗೆ ಒಳಕ್ಕೆ ತಳ್ಳುತ್ತಿದ್ದ. ಶಿವಾಜಿನಗರದಲ್ಲಿ ನನಗೆ ಪರಿಚಯವಿರುವ ಹಿರಿಯ ಮೆಕ್ಯಾನಿಕ್ ಒಬ್ಬರು, "ತಣ್ಣಗಿದ್ದಾಗ ಗಾಡಿಗೆ ಹಸಿವು ಜಾಸ್ತಿ ಸಾರ್" ಎನ್ನುತ್ತಾರೆ. ಭೌತವಿಜ್ಞಾನದ ಪಠ್ಯದಲ್ಲಿ ಇದನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಎಂಪಿಎಫ್‌ಐ ಎಂಜಿನ್ನುಗಳಲ್ಲಿ ಚೋಕ್ ಇಲ್ಲ. ಎಷ್ಟು ಪೆಟ್ರೋಲು ಚಿಮ್ಮಬೇಕೆಂದು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ಎಂಜಿನ್ ತಣ್ಣಗಿದೆಯೋ ಬಿಸಿಯಾಗಿದೆಯೋ ಎಂದು ಅದಕ್ಕೆ ತಿಳಿಸುವುದು ಕೂಲೆಂಟ್ ದ್ರವದಲ್ಲಿ ಮುಳುಗಿರುವ ಬೆರಳ ತುದಿಯಷ್ಟು ದೊಡ್ಡ ಸಂವೇದಕ. ಅದರೊಳಗಿರುವುದು ಥರ್ಮಿಸ್ಟರ್ ಎಂಬ ಅರೆವಾಹಕದ ತುಣುಕು. ಲೋಹದ ತಂತಿಯ ರೋಧ ಬಿಸಿಯಾದಂತೆ ಏರಿದರೆ ಇದರ ರೋಧ ಬಿಸಿಯಾದಂತೆ ಇಳಿಯುತ್ತದೆ, ಅದೂ ಬಹಳ ವೇಗವಾಗಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಬಗೆಯಲ್ಲಿ 20 ಡಿಗ್ರಿಯಲ್ಲಿ ಸುಮಾರು 2,450 ಓಮ್ ಇದ್ದದ್ದು 40 ಡಿಗ್ರಿಯಲ್ಲಿ 1,150ರ ಹತ್ತಿರಕ್ಕೂ 80 ಡಿಗ್ರಿಯಲ್ಲಿ 320ಕ್ಕೂ ಇಳಿಯುತ್ತದೆ. ಇಸಿಯು ಈ ರೋಧವನ್ನು ಅಳೆದು, ತನ್ನ ನೆನಪಿನಲ್ಲಿರುವ ಕೋಷ್ಟಕ ನೋಡಿ, ಪೆಟ್ರೋಲಿನ ಪ್ರಮಾಣವನ್ನೂ ಐಡಲ್ ವೇಗವನ್ನೂ ಗೊತ್ತುಮಾಡುತ್ತದೆ. ಬಿಸಿ ಎಂಜಿನ್ ನಿಮಿಷಕ್ಕೆ 750-900 ಸುತ್ತು ತಿರುಗಿದರೆ ತಣ್ಣನೆಯದನ್ನು 1,200-1,500 ಸುತ್ತಿನಲ್ಲಿ ಇಟ್ಟಿರುತ್ತದೆ.

ಇಲ್ಲಿಯೇ ನಮ್ಮ ಒಗಟಿನ ಮುಖ್ಯ ಸುಳಿವು ಇದೆ. ಎಕ್ಸಾಸ್ಟ್ ಕೊಳವೆಯಲ್ಲಿ ಆಮ್ಲಜನಕ ಸಂವೇದಕ ಎಂಬ ಇನ್ನೊಂದು ಸಾಧನವಿದೆ. ಹೊರಬರುವ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೇ ಎಂದು ನೋಡಿ, ಪೆಟ್ರೋಲು ಹೆಚ್ಚಾಯಿತು ಅಥವಾ ಕಡಿಮೆಯಾಯಿತು ಎಂದು ಅದು ಇಸಿಯುಗೆ ಕ್ಷಣಕ್ಷಣವೂ ತಿಳಿಸುತ್ತದೆ. ಸಣ್ಣಪುಟ್ಟ ತಪ್ಪುಗಳೆಲ್ಲ ಹೀಗೆ ತಿದ್ದಿಹೋಗುತ್ತವೆ. ಆದರೆ ಈ ಸಂವೇದಕ ಕೆಲಸ ಮಾಡಬೇಕಾದರೆ ಅದು ಸುಮಾರು 300 ಡಿಗ್ರಿಗೆ ಕಾಯಬೇಕು. ಅಲ್ಲಿಯ ತನಕ ಇಸಿಯು ಕಣ್ಣುಮುಚ್ಚಿ, ಕೋಷ್ಟಕವನ್ನೂ ಕೂಲೆಂಟ್ ಸಂವೇದಕದ ಮಾತನ್ನೂ ನಂಬಿ ನಡೆಯುತ್ತದೆ. ಬಿಸಿ ಎಂಜಿನ್ನಿನಲ್ಲಿ ದೋಷ ಮಾಯವಾಗುವುದು ಅದು ವಾಸಿಯಾಯಿತೆಂದಲ್ಲ. ತಿದ್ದುವವರು ಎಚ್ಚರಗೊಂಡಿದ್ದಾರೆ, ಅಷ್ಟೆ. ಸಂಜೆಯ ಪರೀಕ್ಷೆಯಲ್ಲಿ ಮೆಕ್ಯಾನಿಕ್ಕಿಗೆ ಏನೂ ಕಾಣದಿರುವುದು ಇದರಿಂದ.

ನನ್ನ ಕಾರಿನ ಕಥೆ

ಹನ್ನೆರಡು ವರ್ಷ ಹಳೆಯ ನನ್ನ ಸಣ್ಣ ಕಾರು ಡಿಸೆಂಬರಿನಲ್ಲಿ ಈ ಚಾಳಿ ಶುರುಮಾಡಿತು. ನಾನು ಒಯ್ದ ಗ್ಯಾರೇಜಿನಲ್ಲಿ ಮೊದಲು ಪ್ಲಗ್ಗುಗಳನ್ನು ಬದಲಿಸಿದರು. ಎರಡು ದಿನ ಕಳೆದು ಮತ್ತೆ ಹೋದಾಗ ಥ್ರಾಟಲ್ ಬಾಡಿ ತೊಳೆದರು. ಮೂರನೆಯ ಸಲ ಪೆಟ್ರೋಲ್ ಫಿಲ್ಟರ್. ಸ್ಕ್ಯಾನರ್ ಹಾಕಿ ನೋಡಿದರೆ ಯಾವ ದೋಷಸಂಕೇತವೂ ಇಲ್ಲ. ಕೂಲೆಂಟ್ ಸಂವೇದಕವನ್ನು ಕಳಚಿ ಮಲ್ಟಿಮೀಟರಿನಲ್ಲಿ ಅಳೆದರು. ಅದೂ ಸರಿಯಾಗಿಯೇ ಇತ್ತು. ಕೊನೆಗೆ, "ಇನ್ನು ಉಳಿದದ್ದು ಇಸಿಯು ಒಂದೇ, ಅದನ್ನು ಬದಲಿಸಬೇಕು" ಎಂದರು. ಅದಕ್ಕೆ ಹೇಳಿದ ಬೆಲೆ ಕಾರಿನ ಅಂದಿನ ಬೆಲೆಯ ಕಾಲು ಭಾಗಕ್ಕೆ ಹತ್ತಿರವಿತ್ತು. ಕಾರು ಮಾರಿಬಿಡೋಣ ಎಂದು ಮನೆಯವರು. ಒಂದು ದಿನ ತಡೆಯಿರಿ ಎಂದು ನಾನು.

ಉಷ್ಣಗತಿವಿಜ್ಞಾನದ ಶೂನ್ಯ ನಿಯಮವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಐದು ನಿಮಿಷದಲ್ಲಿ ಮುಗಿಸುತ್ತೇನೆ. ಎರಡು ವಸ್ತುಗಳು ಮೂರನೆಯ ಒಂದರೊಡನೆ ಉಷ್ಣ ಸಮತೋಲದಲ್ಲಿದ್ದರೆ ಅವೆರಡೂ ತಮ್ಮತಮ್ಮಲ್ಲೂ ಸಮತೋಲದಲ್ಲಿರುತ್ತವೆ. ಇಷ್ಟು ಸರಳ ಸಂಗತಿಗೆ ನಿಯಮದ ಪಟ್ಟ ಏಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಆದರೆ ರಾತ್ರಿಯಿಡೀ ನಿಂತ ಕಾರಿಗೆ ಇದನ್ನು ಅನ್ವಯಿಸಿ ನೋಡಿ. ಹತ್ತು ಗಂಟೆಗಳ ಕಾಲ ಅಲುಗಾಡದೆ ನಿಂತ ಎಂಜಿನ್ನಿನ ಕೂಲೆಂಟು, ಒಳಹರಿಯುವ ಗಾಳಿ, ಪಕ್ಕದ ಗೋಡೆಗೆ ನೇತುಹಾಕಿದ ಉಷ್ಣತಾಮಾಪಕ, ಇವೆಲ್ಲ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರಲೇಬೇಕು. ಎರಡು ಮೂರು ಡಿಗ್ರಿ ವ್ಯತ್ಯಾಸವಿದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ.

2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲಿ ಅಂಕಿಗಳನ್ನು ತೋರಿಸುವ ಸಾಧನ ಈಗ ಅಗ್ಗವಾಗಿ ಸಿಗುತ್ತದೆ. ಮರುದಿನ ಬೆಳಗ್ಗೆ, ಎಂಜಿನ್ ಸ್ಟಾರ್ಟ್ ಮಾಡದೆ, ಕೀಲಿಯನ್ನು ಆನ್ ಸ್ಥಾನದಲ್ಲಿಟ್ಟು ನೋಡಿದೆ. ಗೋಡೆಯ ಮಾಪಕ 16 ಡಿಗ್ರಿ. ಒಳಗಾಳಿಯ ಸಂವೇದಕ 17 ಡಿಗ್ರಿ. ಕೂಲೆಂಟ್ 41 ಡಿಗ್ರಿ!

ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಎಂಜಿನ್ನನ್ನು ಇಸಿಯು ಬೆಚ್ಚಗಿದೆ ಎಂದು ತಿಳಿದಿತ್ತು. ಅದಕ್ಕೆ ತಕ್ಕಂತೆ ಕಡಿಮೆ ಪೆಟ್ರೋಲು ಬಿಡುತ್ತಿತ್ತು, ಐಡಲ್ ವೇಗವನ್ನೂ ಕೆಳಗಿಟ್ಟಿತ್ತು. ಸ್ಟಾರ್ಟ್ ಆಗುವ ಕ್ಷಣದಲ್ಲಿ ಧಾರಾಳವಾಗಿ ಚಿಮ್ಮುವ ಪೆಟ್ರೋಲಿನಿಂದ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಆ ಹೆಚ್ಚುವರಿ ಕೆಲವೇ ಸೆಕೆಂಡುಗಳಲ್ಲಿ ಕರಗಿದ ಮೇಲೆ ಸೊರಗಿ ನಿಲ್ಲುತ್ತಿತ್ತು. ದೋಷಸಂಕೇತ ಏಕಿಲ್ಲ? 41 ಡಿಗ್ರಿ ಅಸಾಧ್ಯವಾದ ಅಂಕಿಯಲ್ಲ. ತಂತಿ ಕಡಿದರೆ ಅಥವಾ ಒಂದಕ್ಕೊಂದು ತಗಲಿದರೆ ಇಸಿಯುಗೆ ಗೊತ್ತಾಗುತ್ತದೆ. ನಂಬಬಹುದಾದ ಸುಳ್ಳು ನನ್ನ ಕಾರಿನ ಇಸಿಯುಗೆ ಗೊತ್ತಾಗಲಿಲ್ಲ.

ಆದರೆ ಗ್ಯಾರೇಜಿನವರು ಸಂವೇದಕವನ್ನು ಅಳೆದದ್ದೂ ತಪ್ಪಾಗಿರಲಿಲ್ಲ. ನಾನೂ ಅದರ ಕಪ್ಲರ್ ಕಳಚಿ ಅಳೆದೆ: ಸುಮಾರು 2,900 ಓಮ್, 16 ಡಿಗ್ರಿಗೆ ಇರಬೇಕಾದಷ್ಟೇ. ಹಾಗಾದರೆ 41 ಎಲ್ಲಿಂದ ಬಂತು? ಕಪ್ಲರ್ ಕೈಯಲ್ಲಿ ಹಿಡಿದಂತೆಯೇ ಮೊಬೈಲಿನತ್ತ ಕಣ್ಣು ಹೋಯಿತು. ಸಂವೇದಕವನ್ನೇ ಕಳಚಿದಾಗ ಮಂಡಲ ತೆರೆದುಕೊಂಡು ರೋಧ ಅನಂತವಾಗಬೇಕು; ಬಹುತೇಕ ಕಾರುಗಳಲ್ಲಿ ಇಸಿಯು ಅದನ್ನು ಮೈನಸ್ 40 ಡಿಗ್ರಿ ಎಂದು ತೋರಿಸಬೇಕು. ನನ್ನ ಪರದೆಯ ಮೇಲೆ 28 ಡಿಗ್ರಿ ಎಂದಿತ್ತು. ಸಂವೇದಕವೇ ಇಲ್ಲದೆ ಉಷ್ಣತೆ!

ಕಪ್ಲರಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಎರಡು ಪಿನ್ನುಗಳ ನಡುವೆ ಹಸಿರು ಮಿಶ್ರಿತ ಜಿಡ್ಡು. ಸಂವೇದಕದ ರಬ್ಬರ್ ಬಳೆ ಸವೆದು ಕೂಲೆಂಟ್ ಹನಿಹನಿಯಾಗಿ ಒಸರಿ, ತಾಮ್ರವನ್ನು ತಿಂದು, ಅಲ್ಲಿ ವಿದ್ಯುತ್ತಿಗೆ ಒಂದು ಕಳ್ಳದಾರಿ ಮಾಡಿಕೊಟ್ಟಿತ್ತು. 28 ಡಿಗ್ರಿಯ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಆ ಕಳ್ಳದಾರಿಯ ರೋಧ ಸುಮಾರು 1,770 ಓಮ್. ಇದು ಸಂವೇದಕಕ್ಕೆ ಸಮಾಂತರವಾಗಿ ಕೂತಿದೆ. 2,900 ಮತ್ತು 1,770 ಓಮ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 1,100 ಓಮ್. ಥರ್ಮಿಸ್ಟರಿನ ಕೋಷ್ಟಕದಲ್ಲಿ ಅದು 41 ಡಿಗ್ರಿ. ಲೆಕ್ಕ ಹೊಂದಿತು.

ಇದೇ ಲೆಕ್ಕವನ್ನು ಬಿಸಿ ಎಂಜಿನ್ನಿಗೂ ಮಾಡಿ ನೋಡಿ, ಆಗ ಈ ದೋಷದ ಕಪಟ ಬಯಲಾಗುತ್ತದೆ. 85 ಡಿಗ್ರಿಯಲ್ಲಿ ಸಂವೇದಕದ ರೋಧ 277 ಓಮ್. ಅದಕ್ಕೆ 1,770 ಓಮ್ ಸಮಾಂತರವಾದರೆ ಒಟ್ಟು 240 ಓಮ್, ಅಂದರೆ 90 ಡಿಗ್ರಿ. ತಣ್ಣಗಿದ್ದಾಗ 25 ಡಿಗ್ರಿಯಿದ್ದ ತಪ್ಪು ಬಿಸಿಯಾದಾಗ ಬರೀ 5 ಡಿಗ್ರಿಗೆ ಇಳಿಯುತ್ತದೆ. ಸಮಾಂತರ ಜೋಡಣೆಯಲ್ಲಿ ಚಿಕ್ಕ ರೋಧದ್ದೇ ದರ್ಬಾರು ಎಂಬುದು ಪಿಯುಸಿ ವಿದ್ಯಾರ್ಥಿಗಳಿಗೂ ಗೊತ್ತು. ಸಂವೇದಕದ ರೋಧ ಇಳಿದಂತೆಲ್ಲ ಸೋರಿಕೆಯ ಪ್ರಭಾವ ಕುಗ್ಗುತ್ತದೆ. ಇನ್ನು ಅಳೆಯಲೆಂದು ಕಪ್ಲರ್ ಕಳಚಿದೊಡನೆ ಸೋರಿಕೆ ಒಂದು ಕಡೆ, ಸಂವೇದಕ ಇನ್ನೊಂದು ಕಡೆ. ಅಳೆಯುವ ಕ್ರಿಯೆಯೇ ದೋಷವನ್ನು ಬೇರ್ಪಡಿಸಿಬಿಟ್ಟಿತ್ತು! ಗ್ಯಾರೇಜಿನವರನ್ನು ನಾನು ದೂರುವುದಿಲ್ಲ. ಅವರು ಅಳೆದದ್ದು ಸರಿ, ಅಳೆದ ವಸ್ತು ಮಾತ್ರ ಬೇರೆ.

ಹೊಸ ರಬ್ಬರ್ ಬಳೆಯೊಂದಿಗೆ ಹೊಸ ಸಂವೇದಕ, ತಂತಿಯ ತುಂಡಿನ ಸಮೇತ ಇನ್ನೊಂದು ಕಪ್ಲರ್ ಹಾಕಿಸಿದೆ. ಕಪ್ಲರ್ ಸಿಕ್ಕಿದ್ದು ಶಿವಾಜಿನಗರದ ಗುಜರಿ ಅಂಗಡಿಯಲ್ಲಿ. ಒಟ್ಟು ಖರ್ಚು ಸಾವಿರದ ಒಳಗೇ ಮುಗಿಯಿತು. ಮರುದಿನ ಬೆಳಗ್ಗೆ ಕೂಲೆಂಟ್ 17 ಡಿಗ್ರಿ ಎಂದು ತೋರಿಸಿತು, ಐಡಲ್ 1,300 ಸುತ್ತಿಗೆ ಏರಿತು, ಎಂಜಿನ್ ನಿಲ್ಲಲಿಲ್ಲ.

ಗಾಳಿಯ ಕಡೆಯ ದೋಷಗಳು

ನಿಮ್ಮ ಕಾರಿನಲ್ಲಿ ಕೂಲೆಂಟ್ ಅಂಕಿ ಸರಿಯಾಗಿಯೇ ಇರಬಹುದು. ಆಗ ಗಾಳಿಯತ್ತ ತಿರುಗಬೇಕು. ಇದಕ್ಕೆ ಕಾಸಿಲ್ಲದ ಒಂದು ಪರೀಕ್ಷೆ ಇದೆ. ಎಂಜಿನ್ ಇನ್ನೇನು ನಿಲ್ಲುತ್ತದೆ ಎನ್ನುವಾಗ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿ ಹಿಡಿಯಿರಿ. ಎಂಜಿನ್ ಸುಧಾರಿಸಿಕೊಂಡು ಸಮವಾಗಿ ಓಡಿದರೆ ಐಡಲ್‌ನಲ್ಲಿ ಗಾಳಿ ಸಾಲುತ್ತಿಲ್ಲ ಎಂದರ್ಥ. ಒತ್ತಿದಾಗ ಇನ್ನಷ್ಟು ಮುಗ್ಗರಿಸಿದರೆ ಪೆಟ್ರೋಲು ಸಾಲುತ್ತಿಲ್ಲ.

ಐಡಲ್‌ನಲ್ಲಿ ಥ್ರಾಟಲ್ ತಟ್ಟೆ ಬಹುಮಟ್ಟಿಗೆ ಮುಚ್ಚಿರುತ್ತದೆ. ಅದರ ಅಂಚಿನ ಕೂದಲಗಲದ ಸಂದಿಯಿಂದ ಅಥವಾ ಐಡಲ್ ಕವಾಟದ ದಾರಿಯಿಂದ ಮಾತ್ರ ಗಾಳಿ ನುಸುಳುತ್ತದೆ. ಎಂಜಿನ್ನಿನ ಎಣ್ಣೆ ಆವಿಯ ಮಸಿ ಅಲ್ಲಿ ಕಟ್ಟಿಕೊಂಡರೆ ದಾರಿ ಇನ್ನೂ ಕಿರಿದಾಗುತ್ತದೆ. ಬಿಸಿ ಎಂಜಿನ್ ಅಷ್ಟರಲ್ಲೇ ಹೇಗೋ ಬದುಕುತ್ತದೆ, ಗಟ್ಟಿ ಎಣ್ಣೆಯೊಡನೆ ಹೆಣಗುವ ತಣ್ಣನೆಯ ಎಂಜಿನ್ನಿಗೆ ಸಾಲುವುದಿಲ್ಲ. ಥ್ರಾಟಲ್ ಬಾಡಿ ತೊಳೆಯುವುದು ಇಂಥ ಸಂದರ್ಭದಲ್ಲಿ ಸರಿಯಾದ ಚಿಕಿತ್ಸೆ. ಯಾವ ಸಂದರ್ಭವೆಂದು ನೋಡದೆ ತೊಳೆಯುವುದು ಖರ್ಚಿನ ದಾರಿ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು: ಬಿರುಕುಬಿಟ್ಟ ರಬ್ಬರ್ ಕೊಳವೆಯಿಂದ ಕಳ್ಳಗಾಳಿ ಒಳನುಗ್ಗುವುದು. ಇದರ ಭೌತವಿಜ್ಞಾನ ಸೊಗಸಾಗಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಸುಮಾರು 91 ಕಿಲೋಪ್ಯಾಸ್ಕಲ್. ಐಡಲ್‌ನಲ್ಲಿ ಎಂಜಿನ್ನಿನ ಒಳಕೊಳವೆಯ ಒತ್ತಡ ಸುಮಾರು 35. ಒಳಗಿನ ಒತ್ತಡ ಹೊರಗಿನದರ ಶೇ. 53ಕ್ಕಿಂತ ಕಡಿಮೆಯಾದಾಗ ಸಣ್ಣ ರಂಧ್ರದ ಮೂಲಕ ಗಾಳಿ ಶಬ್ದದ ವೇಗದಲ್ಲಿ ನುಗ್ಗುತ್ತದೆ. ಒಳಗಿನ ಒತ್ತಡ ಇನ್ನಷ್ಟು ಇಳಿದರೂ ಹರಿವು ಹೆಚ್ಚುವುದಿಲ್ಲ. ಎರಡು ಮಿಲಿಮೀಟರ್ ರಂಧ್ರವೊಂದರಿಂದ ಸೆಕೆಂಡಿಗೆ ಸುಮಾರು ಅರ್ಧ ಗ್ರಾಂ ಗಾಳಿ ಬರುತ್ತದೆ. ಒಂದು ಲೀಟರ್ ಗಾತ್ರದ ಎಂಜಿನ್ ಐಡಲ್‌ನಲ್ಲಿ ಉಸಿರಾಡುವುದೇ ಎರಡು ಗ್ರಾಂನಷ್ಟು! ಹೆದ್ದಾರಿಯಲ್ಲಿ ಅದೇ ಎಂಜಿನ್ ಹತ್ತಾರು ಗ್ರಾಂ ಎಳೆಯುವಾಗ ಆ ಅರ್ಧ ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. ಸೋರುವ ಕೊಳವೆಯ ದೋಷ ಸಿಗ್ನಲ್ಲುಗಳಲ್ಲಿ ಮಾತ್ರ ಕಾಣುವುದು ಇದೇ ಕಾರಣಕ್ಕೆ. ಒಳಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಕಾರುಗಳಲ್ಲೂ ಕಾರ್ಬ್ಯುರೇಟರ್ ಕಾರುಗಳಲ್ಲೂ ಇದರಿಂದ ಎಂಜಿನ್ ನಿಲ್ಲಬಹುದು. ಒಳಕೊಳವೆಯ ಒತ್ತಡವನ್ನಷ್ಟೇ ಅಳೆಯುವ ಕಾರುಗಳಲ್ಲಿ, ನಮ್ಮ ಸಣ್ಣ ಕಾರುಗಳಲ್ಲಿ ಹಲವು ಇದೇ ಜಾತಿ, ಇಸಿಯು ಕಳ್ಳಗಾಳಿಗೂ ಸೇರಿಸಿ ಪೆಟ್ರೋಲು ಬಿಡುವುದರಿಂದ ಐಡಲ್ ಏರುವುದೇ ಹೆಚ್ಚು. ಸೋರಿಕೆ ಹುಡುಕಲು ಕೆಲವರು ಓಡುತ್ತಿರುವ ಎಂಜಿನ್ನಿನ ಮೇಲೆ ಪೆಟ್ರೋಲು ಅಥವಾ ಕ್ಲೀನರ್ ಸಿಂಪಡಿಸುತ್ತಾರೆ. ದಯವಿಟ್ಟು ಬೇಡ, ಬೆಂಕಿ ಹತ್ತುತ್ತದೆ. ಒಂದು ಮೊಳ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಕೊಳವೆಗಳ ಬಳಿ ಆಡಿಸಿ. ಫ್ಯಾನ್, ಬೆಲ್ಟುಗಳಿಂದ ಕೈ ಮತ್ತು ಬಟ್ಟೆ ದೂರವಿರಲಿ. ಬುಸ್ ಎನ್ನುವ ಸದ್ದು ತಾನಾಗಿ ಸಿಗುತ್ತದೆ.

ಎಥನಾಲಿನ ಮಾತು

ಈಚೆಗೆ ಬೆಳಗಿನ ಈ ತೊಂದರೆಗೆಲ್ಲ ಎಥನಾಲೇ ಕಾರಣ ಎನ್ನುವವರಿದ್ದಾರೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಅದೇ ರೂಢಿಗೆ ಬಂತು. ಎಥನಾಲಿನ ಗುಪ್ತೋಷ್ಣ ಪೆಟ್ರೋಲಿನದಕ್ಕಿಂತ ಎರಡೂವರೆ ಪಟ್ಟು ಹೆಚ್ಚು. ಹಿಂದೆ ಮಾಡಿದ ಲೆಕ್ಕವನ್ನು ಈ ಮಿಶ್ರಣಕ್ಕೆ ಮಾಡಿದರೆ 20 ಡಿಗ್ರಿಯ ಜಾಗದಲ್ಲಿ 30ಕ್ಕೆ ಹತ್ತಿರದ ಅಂಕಿ ಬರುತ್ತದೆ. ಪೂರ್ಣ ದಹನಕ್ಕೆ ಬೇಕಾದ ಗಾಳಿಯ ಪ್ರಮಾಣವೂ ಶೇ. 10ರ ಮಿಶ್ರಣದಲ್ಲಿ 14.1 ಇದ್ದದ್ದು 13.5ಕ್ಕೆ ಇಳಿಯುತ್ತದೆ, ಹಳೆಯ ಕೋಷ್ಟಕ ನಂಬಿದ ಇಸಿಯು ಆಮ್ಲಜನಕ ಸಂವೇದಕ ಎಚ್ಚರಗೊಳ್ಳುವ ತನಕ ಶೇ. 4ರಷ್ಟು ಕಡಿಮೆ ಇಂಧನ ಬಿಟ್ಟಂತಾಗುತ್ತದೆ. ಹಿಂದಿನ ದಿನಗಳಲ್ಲಿ ಕಲಿತ ತಿದ್ದುಪಡಿಯನ್ನು ಅದು ನೆನಪಿಟ್ಟುಕೊಳ್ಳುವುದರಿಂದ ಈ ಕೊರತೆಯೂ ಬಹುಪಾಲು ತುಂಬುತ್ತದೆ. ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ 16 ಡಿಗ್ರಿಯಲ್ಲಿ ಆರೋಗ್ಯವಾಗಿರುವ ಎಂಜಿನ್ನನ್ನು ಇಷ್ಟೇ ನಿಲ್ಲಿಸಲಾರದು. ಆದರೆ ಮೊದಲೇ ಅರೆಹೊಟ್ಟೆಯಲ್ಲಿರುವ ಎಂಜಿನ್ನಿಗೆ ಕೊನೆಯ ತುತ್ತನ್ನೂ ತಪ್ಪಿಸಬಲ್ಲದು. ನನ್ನ ಕಾರಿನ ಕಳ್ಳದಾರಿ ಎಷ್ಟು ಕಾಲದಿಂದ ಇತ್ತೋ. ಕಳೆದ ಚಳಿಗಾಲದಲ್ಲಿ ಅದು ಹೊರಬಿದ್ದಿದ್ದಕ್ಕೆ ಹೊಸ ಇಂಧನದ ಪಾಲೂ ಇದ್ದೀತು ಎಂದು ನನ್ನ ಊಹೆ.

ಹೀಗೆ ಮಾಡಿ

ಗ್ಯಾರೇಜಿಗೆ ಹೋಗುವ ಮುನ್ನ ಮೂರು ಬೆಳಗ್ಗೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಗೋಡೆಯ ಉಷ್ಣತೆ, ಸ್ಕ್ಯಾನರಿನ ಎರಡು ಉಷ್ಣತೆಗಳು, ಸ್ಟಾರ್ಟ್ ಆದ ಎಷ್ಟು ಸೆಕೆಂಡಿಗೆ ನಿಂತಿತು, ಆಕ್ಸಿಲರೇಟರ್ ತುಸು ಒತ್ತಿದಾಗ ಏನಾಯಿತು, ಎಸಿ ಹಾಕಿತ್ತೇ. ಸ್ಕ್ಯಾನರ್ ಇಲ್ಲದಿದ್ದರೆ ಕೂಲೆಂಟ್ ಸಂವೇದಕದ ಕಪ್ಲರಿನೊಳಗೆ ಟಾರ್ಚ್ ಬಿಟ್ಟಾದರೂ ನೋಡಿ. ಕೀಲಿ ಆಫ್ ಇರಲಿ, ಎಂಜಿನ್ ತಣ್ಣಗಿರಲಿ. ಈ ಪರೀಕ್ಷೆಗಳನ್ನು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ತಣ್ಣನೆಯ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಹೋಗುವುದರಿಂದ ಅದು ಕಾರ್ಬನ್ ಮೊನಾಕ್ಸೈಡನ್ನೂ ಹೆಚ್ಚು ಉಗುಳುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ. ತೊಂದರೆ ಸರಿಹೋಗುವ ತನಕ ಎಂಜಿನ್ ಮೂರು ನಾಲ್ಕು ನಿಮಿಷ ಬಯಲಲ್ಲಿ ಓಡಿದ ಮೇಲಷ್ಟೇ ಮುಖ್ಯರಸ್ತೆಗೆ ಇಳಿಯಿರಿ.

ಮೆಕ್ಯಾನಿಕ್ಕಿಗೆ ತೋರಿಸುವುದಾದರೆ ಸಂಜೆ ಓಡಿಸಿಕೊಂಡು ಹೋಗಿ ತೋರಿಸಿ ವಾಪಸ್ ತರಬೇಡಿ. ಚೀಟಿಯನ್ನು ಕೊಟ್ಟು, ಗಾಡಿಯನ್ನು ರಾತ್ರಿ ಅಲ್ಲೇ ಬಿಟ್ಟು ಬನ್ನಿ. ಬೆಳಗ್ಗೆ ನೀವು ಬರುವ ತನಕ ಯಾರೂ ಕೀಲಿ ಮುಟ್ಟಬಾರದೆಂದು ಹೇಳಿ, ಚಹಾ ಅಂಗಡಿ ತೆರೆಯುವ ಹೊತ್ತಿಗೇ ಅಲ್ಲಿರಿ.